ಪ್ಲಗ್ ವೈರ್ ಸೊನ್ನೆ ಓಮ್ ತೋರಿಸಬೇಕು ಅನ್ನುವುದು ತಪ್ಪು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹಳೇ ಪೆಟ್ರೋಲ್ ಕಾರುಗಳ ಬಗ್ಗೆ ಒಂದು ಸಣ್ಣ ಸಲಹೆ ಬಂದಿತ್ತು. ಎಂಜಿನ್ ಮಿಸ್ಸಿಂಗ್ ಆಗುತ್ತಿದ್ದರೆ, ಅಂದರೆ ಯಾವುದೋ ಸಿಲಿಂಡರ್ ಆಗಾಗ ಉರಿಯದೆ ಜಗ್ಗುತ್ತಿದ್ದರೆ, ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ಕರೆಂಟ್ ಒಯ್ಯುವ ಪ್ಲಗ್ ವೈರ್‌ಗಳನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ, ರೆಸಿಸ್ಟೆನ್ಸ್ (ಕರೆಂಟಿಗೆ ವೈರ್ ಒಡ್ಡುವ ತಡೆ, ಅದರ ಅಳತೆ ಓಮ್) ಸೊನ್ನೆಗೆ ಹತ್ತಿರ ಇದ್ದರೆ ವೈರ್ ಚೆನ್ನಾಗಿದೆ, ಜಾಸ್ತಿ ಇದ್ದರೆ ಬದಲಾಯಿಸಿ ಅಂತ ಅದರಲ್ಲಿತ್ತು. ಅಳೆಯಿರಿ ಅಂದದ್ದು ತುಂಬಾ ಒಳ್ಳೆಯ ಮಾತು. ಸೊನ್ನೆ ಅಂದದ್ದು ಮಾತ್ರ ತಪ್ಪು, ಮತ್ತು ಆ ತಪ್ಪಿಗೆ ನಮ್ಮ ಬೀದಿಯಲ್ಲೇ ಒಬ್ಬರು ದುಡ್ಡು ಕಳೆದುಕೊಂಡಿದ್ದಾರೆ. ಅದಕ್ಕೇ ಈ ಪತ್ರ.

ಅವರ ಹತ್ತಿರ ಕಾರ್ಬುರೇಟರ್ ಕಾಲದ ಒಂದು ಮಾರುತಿ 800 ಇದೆ. ತುಂಬಾ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಸಲಹೆ ಓದಿದವರು ಮೀಟರ್ ತಂದು ಅಳೆದರು. ಒಂದು ವೈರ್ 5 ಸಾವಿರ ಓಮ್, ಇನ್ನೊಂದು 6 ಸಾವಿರ, ಮತ್ತೊಂದು 7 ಸಾವಿರ ತೋರಿಸಿತು. ಅಯ್ಯೋ ಮೂರೂ ಹೋಗಿದೆ ಅಂದುಕೊಂಡು ಕಿತ್ತು ಬಿಸಾಡಿ, ಅಂಗಡಿಯವರು ಒಳಗೆ ತಾಮ್ರ ಇದೆ, ಒಳ್ಳೇ ಮಾಲು ಅಂತ ಕೊಟ್ಟ ವೈರ್ ಹಾಕಿಸಿದರು. ಅದು ಸೊನ್ನೆ ತೋರಿಸಿತು, ಅವರಿಗೆ ಸಮಾಧಾನವಾಯಿತು. ಎರಡು ದಿನ ಬಿಟ್ಟು ಬಂದು, ಕಾರಿನಲ್ಲಿ ರೇಡಿಯೋ ಹಾಕಿದರೆ ಬರೀ ಗೊರಗೊರ ಅನ್ನುತ್ತೆ, ಆಕ್ಸಿಲರೇಟರ್ ಒತ್ತಿದಷ್ಟೂ ಗೊರಗೊರ ಜಾಸ್ತಿ ಆಗುತ್ತೆ, ಏನಿರಬಹುದು ಅಂತ ಕೇಳಿದರು. ಬಿಸಾಡಿದ ಮೂರು ವೈರೂ ಚೆನ್ನಾಗಿದ್ದವು. ಕಸದ ಗಾಡಿ ಆಗಲೇ ಒಯ್ದಿತ್ತು.

ನಾನು ಮಂಡ್ಯದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಕೆಲಸ ಮಾಡುವವನು. ಕಾರ್ ಮೆಕ್ಯಾನಿಕ್ ಅಲ್ಲ. ಆದರೆ ಓಮ್ ಅಳೆಯದೆ ನನ್ನ ಒಂದು ದಿನವೂ ಕಳೆಯುವುದಿಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್‌ಗಳು ಸಾಲಾಗಿ ಸುಟ್ಟು ಬರುತ್ತವೆ, ಪ್ರತಿಯೊಂದಕ್ಕೂ ಮೊದಲು ಮೀಟರ್, ಆಮೇಲೆ ಸ್ಪ್ಯಾನರ್. ಅದೇ ಅಭ್ಯಾಸದಿಂದ ನಮ್ಮ ಮಾರುತಿ ಓಮ್ನಿ ವ್ಯಾನಿನ ಪ್ಲಗ್ ವೈರನ್ನೂ ನಾನೇ ಅಳೆಯುತ್ತೇನೆ.

ಮೊದಲು ಸೊನ್ನೆಯ ವಿಷಯ. ಕಾರಿನ ಪ್ಲಗ್ ವೈರ್ ಮನೆಯ ವೈರಿನ ಹಾಗಲ್ಲ. ಮನೆಯ ವೈರಿನಲ್ಲಿ ರೆಸಿಸ್ಟೆನ್ಸ್ ಇದ್ದರೆ ಬಿಸಿಯಾಗುತ್ತೆ, ಕರೆಂಟ್ ದಂಡ. ಪ್ಲಗ್ ವೈರಿನಲ್ಲಿ ರೆಸಿಸ್ಟೆನ್ಸನ್ನು ಬೇಕೆಂದೇ ಇಟ್ಟಿರುತ್ತಾರೆ. ಹೆಚ್ಚಿನ ಕಾರುಗಳ ವೈರ್ ಬಿಚ್ಚಿ ನೋಡಿದರೆ ಒಳಗೆ ತಾಮ್ರವೇ ಇರುವುದಿಲ್ಲ. ನೂಲಿನಂಥ ಎಳೆಗಳಿಗೆ ಕಾರ್ಬನ್ ಹಿಡಿಸಿರುತ್ತಾರೆ, ಅದರ ಮೇಲೆ ದಪ್ಪ ರಬ್ಬರ್ ಅಥವಾ ಸಿಲಿಕೋನ್ ಹೊದಿಕೆ. ಯಾಕೆ ಹೀಗೆ ಅಂದರೆ, ಪ್ಲಗ್‌ನಲ್ಲಿ ಹಾರುವ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಸ್ಟೇಷನ್. ಎಷ್ಟೋ ಸಾವಿರ ವೋಲ್ಟ್ ಒಂದೇ ಕ್ಷಣದಲ್ಲಿ ಹಾರಿದಾಗ ಆ ವೈರೇ ಏರಿಯಲ್ ಆಗಿ ಸುತ್ತಲಿನ ರೇಡಿಯೋಗಳಿಗೆಲ್ಲ ಗದ್ದಲ ಹಂಚುತ್ತದೆ. ರೆಸಿಸ್ಟೆನ್ಸ್ ಇದ್ದರೆ ಆ ಗದ್ದಲ ಅಲ್ಲೇ ತಗ್ಗುತ್ತದೆ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿ ಅನ್ನುವ ರೇಡಿಯೋ ಕೇಂದ್ರ ಶುರುಮಾಡಿದ ಊರು ನಮ್ಮ ಪಕ್ಕದ ಮೈಸೂರು. ಮಧ್ಯಮ ತರಂಗದ ರೇಡಿಯೋಗೆ ಕಿವಿಯಿಟ್ಟು ಕೂರುತ್ತಿದ್ದ ನಮ್ಮ ತಂದೆಯ ಕಾಲದವರಿಗೆ ಈ ಗೊರಗೊರ ಚೆನ್ನಾಗಿ ಗೊತ್ತು. ಮನೆ ಮುಂದೆ ಸ್ಕೂಟರ್ ಹೋದರೆ ವಾರ್ತೆ ಕೇಳಿಸುತ್ತಿರಲಿಲ್ಲ. ಈಗ ರೇಡಿಯೋಗಿಂತ ದೊಡ್ಡ ಕಾರಣ ಇನ್ನೊಂದಿದೆ. ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಬಂದ ಮೇಲೆ ಕಾರಿನೊಳಗೆ ಕಂಪ್ಯೂಟರ್ ಇದೆ, ಸೆನ್ಸರ್‌ಗಳಿವೆ. ಈ ಗದ್ದಲ ಅವುಗಳಿಗೂ ತಟ್ಟಿ ಎಂಜಿನ್ ತಪ್ಪು ಲೆಕ್ಕ ಹಾಕಬಹುದು.

ಹಾಗಾದರೆ 10 ಸಾವಿರ ಓಮ್ ಇದ್ದರೆ ಕಿಡಿಯ ಶಕ್ತಿ ಕಡಿಮೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಕಾಗದದ ಮೇಲೆ ಲೆಕ್ಕ ಹಾಕಿದಾಗ ಅರ್ಥವಾಯಿತು. ಕಿಡಿ ಹಾರುವವರೆಗೆ ವೈರಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಇಳಿಯುವುದೂ ಇಲ್ಲ. ಅಂದರೆ ಬ್ಯಾಟರಿಯ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸುವ ಕಾಯಿಲ್ ಕೊಟ್ಟ 15-20 ಸಾವಿರ ವೋಲ್ಟ್ ಹೆಚ್ಚುಕಡಿಮೆ ಪೂರ್ತಿಯಾಗಿ ಪ್ಲಗ್ ತುದಿಗೆ ಮುಟ್ಟುತ್ತದೆ. ಕಿಡಿ ಹಾರಿದ ಮೇಲೆ ಹರಿಯುವುದು ಮಿಲಿಆಂಪ್ (ಆಂಪಿಯರ್‌ನ ಸಾವಿರದ ಒಂದು ಭಾಗ) ಲೆಕ್ಕದ ಕರೆಂಟ್. 50 ಮಿಲಿಆಂಪ್ ಅಂತ ಇಟ್ಟುಕೊಳ್ಳಿ. ಅದನ್ನು 10 ಸಾವಿರ ಓಮ್‌ನಿಂದ ಗುಣಿಸಿದರೆ 500 ವೋಲ್ಟ್. ಕಾಯಿಲ್ ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾಡಿರುತ್ತಾರೆ. ಸರಿಯಾಗಿರುವ ಕಾರ್ಬನ್ ವೈರ್ ಕಿತ್ತು ತಾಮ್ರ ಹಾಕಿಸಿದರೆ ಪಿಕಪ್ ಬರುತ್ತೆ ಅನ್ನುವುದನ್ನು ನಂಬಬೇಡಿ.

ಎಷ್ಟು ಓಮ್ ಇರಬೇಕು ಅನ್ನುವುದು ವೈರಿನ ಜಾತಿ ಮತ್ತು ಉದ್ದದ ಮೇಲೆ ಹೋಗುತ್ತದೆ. ಕಾರ್ಬನ್ ವೈರ್ ಆದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೋ ಓಮ್ ಸಾಮಾನ್ಯ. ಸ್ಪ್ರಿಂಗ್ ಥರ ಸಣ್ಣ ತಂತಿ ಸುತ್ತಿದ ವೈರ್‌ಗಳೂ ಬರುತ್ತವೆ, ಅವು ಅದಕ್ಕಿಂತ ತುಂಬಾ ಕಡಿಮೆ ತೋರಿಸುತ್ತವೆ, ಅದೂ ಸರಿಯೇ. ಹಳೇ ಟೊಯೊಟಾ ಎಂಜಿನ್‌ಗಳ ಕೈಪಿಡಿಯಲ್ಲಿ ಒಂದೊಂದು ವೈರಿಗೆ 25 ಕಿಲೋ ಓಮ್ ಮೀರಬಾರದು ಅಂತ ಕೊಟ್ಟಿದ್ದಾರೆ. ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತೋ ಅದೇ ಕೊನೆಯ ಮಾತು. ಕೈಪಿಡಿ ಇಲ್ಲದಿದ್ದರೆ ವೈರ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ. ನಾವು ಮೂರು ಫೇಸ್ ಮೋಟಾರ್‌ನಲ್ಲಿ ಮಾಡುವುದೂ ಇದನ್ನೇ. ಮೂರು ವೈಂಡಿಂಗ್‌ನ ಓಮ್ ಒಂದೇ ಸಮ ಇರಬೇಕು, ಒಂದು ಬೇರೆಯಾದರೆ ಅಲ್ಲೇ ರೋಗ. ಪ್ಲಗ್ ವೈರಿನಲ್ಲಿ ಸಮ ಇರುವುದಿಲ್ಲ, ಉದ್ದಕ್ಕೆ ತಕ್ಕ ಹಾಗೆ ಏರಬೇಕು. ಉದ್ದದ ವೈರ್ 9 ಕಿಲೋ ಓಮ್, ಗಿಡ್ಡದ್ದು 5 ತೋರಿಸಿದರೆ ಚಿಂತೆಯಿಲ್ಲ. ಗಿಡ್ಡದ್ದು 14, ಉದ್ದದ್ದು 9 ತೋರಿಸಿದರೆ ಆ ಗಿಡ್ಡದ್ದರ ಮೇಲೆ ಕಣ್ಣಿಡಿ.

ಇದನ್ನು ನಾನು ಕಲಿತದ್ದು ನಮ್ಮ ಓಮ್ನಿಯಿಂದ. ಎರಡು ವರ್ಷದ ಹಿಂದೆ ಮನೆಯವರನ್ನೆಲ್ಲ ಕೂರಿಸಿಕೊಂಡು ಮೇಲುಕೋಟೆಗೆ ಹೊರಟಿದ್ದೆ. ಜಕ್ಕನಹಳ್ಳಿ ದಾಟುವವರೆಗೂ ಗಾಡಿ ಚೆನ್ನಾಗೇ ಓಡಿತು. ಬೆಟ್ಟ ಹತ್ತುವಾಗ ಶುರುವಾಯಿತು ನೋಡಿ, ಒಂದೇ ಸಮ ಜಗ್ಗಾಟ. ಮೂರು ಸಿಲಿಂಡರ್‌ನಲ್ಲಿ ಎರಡೇ ಕೆಲಸ ಮಾಡುತ್ತಿದೆ ಅಂತ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಫಸ್ಟ್ ಗೇರ್‌ನಲ್ಲಿ ತೆವಳಿಕೊಂಡು ಮೇಲೆ ಸೇರಿದೆವು. ಇಳಿಯುವಾಗ ಮತ್ತೆ ಏನೂ ಆಗದ ಹಾಗೆ ಸರಾಗ. ಮಾರನೇ ದಿನ ಒಂದು ಗ್ಯಾರೇಜ್‌ಗೆ ಬಿಟ್ಟೆ. ಪ್ಲಗ್ ಹೊಸದು ಹಾಕಿದರು. ಸರಿಹೋಗಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದರು. ಸರಿಹೋಗಲಿಲ್ಲ. ಪೆಟ್ರೋಲ್ ಪಂಪ್ ವೀಕ್ ಅಂದರು, ಅದೂ ಬಂತು. ಮೂರು ಸಲ ಹೋಗಿ ಬರುವಷ್ಟರಲ್ಲಿ ನಾಲ್ಕು ಸಾವಿರ ಚಿಲ್ಲರೆ ಖರ್ಚಾಯಿತು. ನಾಲ್ಕನೇ ಸಲ, ಕಿಡಿಯ ಕರೆಂಟನ್ನು ಸಿಲಿಂಡರ್‌ಗಳಿಗೆ ಸರದಿಯಲ್ಲಿ ಹಂಚುವ ಡಿಸ್ಟ್ರಿಬ್ಯೂಟರನ್ನೇ ಪೂರ್ತಿ ಬದಲಾಯಿಸೋಣ ಅಂದಾಗ ಗಾಡಿ ವಾಪಸ್ ತಂದುಬಿಟ್ಟೆ. ಆ ಹುಡುಗರು ಕೆಟ್ಟವರಲ್ಲ, ಕಷ್ಟಪಟ್ಟು ದುಡಿಯುವವರು. ಅವರ ಹತ್ತಿರ ಮೀಟರ್ ಇರಲಿಲ್ಲ, ಅಷ್ಟೇ.

ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮುಂದಿನ ಸೀಟ್ ಎತ್ತಿ ಕೂತೆ. ಓಮ್ನಿಯ ಎಂಜಿನ್ ಇರುವುದು ಸೀಟ್ ಕೆಳಗೇ ಅಲ್ವಾ. ಮೂರು ಪ್ಲಗ್ ವೈರ್, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರುವುದು ಒಂದು, ಒಟ್ಟು ನಾಲ್ಕು. ಒಂದು 5.4 ಕಿಲೋ ಓಮ್ ತೋರಿಸಿತು, ಒಂದು 7.1, ಕಾಯಿಲ್ ವೈರ್ 6 ಚಿಲ್ಲರೆ. ಉಳಿದದ್ದು 8.8 ತೋರಿಸಿತು. ಎಲ್ಲ ಸರಿಯಿದೆಯಲ್ಲ ಅಂದುಕೊಂಡು ಆ ವೈರನ್ನು ಕೆಳಗಿಡಲು ಹೋದೆ, ಮೀಟರ್ ಕ್ಲಿಪ್ ಇನ್ನೂ ಸಿಕ್ಕಿಸಿಯೇ ಇತ್ತು, ವೈರ್ ಬಾಗಿತು, ಅಂಕಿ ಹಾರಿ ಓಎಲ್ ಅಂತ ಬಂತು, ಅಂದರೆ ಮೀಟರ್ ಅಳೆಯಲಾಗದಷ್ಟು ಜಾಸ್ತಿ. ನೆಟ್ಟಗೆ ಮಾಡಿದೆ, 8.8. ಪ್ಲಗ್ ಮೇಲೆ ಕೂರುವ ಟೋಪಿಯ ಹತ್ತಿರ ಬೆರಳಗಲದಷ್ಟು ಜಾಗದಲ್ಲಿ ಬಾಗಿಸಿದೆ, ಮತ್ತೆ ಓಎಲ್. ಒಳಗಿನ ಕಾರ್ಬನ್ ಎಳೆ ಅಲ್ಲಿ ತುಂಡಾಗಿತ್ತು. ಯಾರೋ ಯಾವಾಗಲೋ ಟೋಪಿ ಬಿಟ್ಟು ವೈರ್ ಹಿಡಿದು ಎಳೆದಿದ್ದಾರೆ, ಅದರ ಗುರುತು ಅದು.

ಬೆಟ್ಟ ಹತ್ತುವಾಗ ಮಾತ್ರ ಯಾಕೆ ಕಾಡಿತು ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಎಳೆ ತುಂಡಾದರೂ ಸಾವಿರಾರು ವೋಲ್ಟ್‌ನ ಕಿಡಿ ಆ ಸಂದನ್ನು ಹಾರಿ ದಾಟಿಬಿಡುತ್ತದೆ. ಹಾಗಾಗಿ ಗಾಡಿ ತಿಂಗಳುಗಟ್ಟಲೆ ಓಡುತ್ತದೆ. ಆದರೆ ಪ್ರತಿ ಸಲ ಹಾರುವಾಗಲೂ ಸಂದಿನ ಅಂಚು ಸುಡುತ್ತದೆ, ಸಂದು ಅಗಲ ಆಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಹೆಚ್ಚಿ, ಪ್ಲಗ್‌ನಲ್ಲಿ ಕಿಡಿ ಹಾರಲು ಇನ್ನೂ ಜಾಸ್ತಿ ವೋಲ್ಟ್ ಬೇಕಾಗುತ್ತದೆ. ಎರಡು ಸಂದು ಹಾರುವಷ್ಟು ಶಕ್ತಿ ಆಗ ಉಳಿಯುವುದಿಲ್ಲ. ಎಲ್‌ಪಿಜಿ ಹಾಕಿಸಿದ ಗಾಡಿಗಳಲ್ಲಿ ಇದು ಇನ್ನೂ ಬೇಗ ಕಾಣಿಸುತ್ತದೆ, ಗ್ಯಾಸ್ ಹೊತ್ತಿಸಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟ್ ಬೇಕು. ಗ್ಯಾಸ್‌ನಲ್ಲಿ ಮಿಸ್ಸಿಂಗ್, ಪೆಟ್ರೋಲ್‌ಗೆ ಹಾಕಿದರೆ ಸರಿ ಅಂದ ತಕ್ಷಣ ಕಿಟ್ ಹಾಳು ಅನ್ನುತ್ತಾರೆ. ಮೊದಲು ವೈರ್ ಅಳೆದು ನೋಡಿ.

ಒಂದು ಸೆಟ್ ವೈರ್ ಹಾಕಿದೆ, ಮುಗಿಯಿತು. ಮುಂದಿನ ವಾರ ಅದೇ ಬೆಟ್ಟವನ್ನು ಸೆಕೆಂಡ್ ಗೇರ್‌ನಲ್ಲಿ ಹತ್ತಿದೆ.

ಅಳೆಯುವುದು ಕಷ್ಟವಿಲ್ಲ. ಮುನ್ನೂರು ನಾನೂರು ರೂಪಾಯಿಯ ಡಿಜಿಟಲ್ ಮೀಟರ್ ಸಾಕು. ಎಂಜಿನ್ ಆಫ್ ಮಾಡಿ, ಚೆನ್ನಾಗಿ ತಣ್ಣಗಾಗಲು ಬಿಡಿ. ಬಿಚ್ಚುವ ಮೊದಲು ಯಾವ ವೈರ್ ಯಾವ ಸಿಲಿಂಡರ್‌ದು ಅಂತ ಟೇಪ್ ಅಂಟಿಸಿ ಅಂಕಿ ಬರೆಯಿರಿ, ಇದನ್ನು ಮರೆತರೆ ಗಾಡಿ ಸ್ಟಾರ್ಟೇ ಆಗದೆ ಒದ್ದಾಡಬೇಕಾಗುತ್ತದೆ. 800, ಓಮ್ನಿಯ ಮೂರು ಸಿಲಿಂಡರ್ ಎಂಜಿನ್ ಉರಿಯುವ ಸರದಿ 1-3-2, ನಾಲ್ಕು ಸಿಲಿಂಡರ್‌ನ ಹೆಚ್ಚಿನ ಕಾರುಗಳಲ್ಲಿ 1-3-4-2. ಒಂದೊಂದೇ ವೈರ್ ಬಿಚ್ಚಿ, ಅಳೆದು, ವಾಪಸ್ ಹಾಕಿ ಮುಂದಿನದ್ದಕ್ಕೆ ಹೋದರೆ ಅದಲುಬದಲಾಗುವ ಭಯವೇ ಇಲ್ಲ. ಬಿಚ್ಚುವಾಗ ಟೋಪಿಯನ್ನೇ ಹಿಡಿದು ಸ್ವಲ್ಪ ತಿರುಗಿಸಿ ಎಳೆಯಿರಿ, ವೈರ್ ಹಿಡಿದು ಎಳೆಯಲೇಬೇಡಿ. ಮೀಟರನ್ನು 20 ಕಿಲೋ ಓಮ್‌ಗೆ ತಿರುಗಿಸಿ. ಅಂಕಿ ದಾಟಿಹೋದರೆ 200ಕ್ಕೆ ಹಾಕಿ ನೋಡಿ, 20ರ ಜಾಗದಲ್ಲಿ ಓಎಲ್ ಅಥವಾ ಬರೀ 1 ಬಂದ ಮಾತ್ರಕ್ಕೆ ವೈರ್ ಸತ್ತಿತು ಅನ್ನಬೇಡಿ. ಮೀಟರಿನ ಎರಡು ಪಿನ್ನಿನ ತುದಿಯನ್ನೂ ಬೆರಳಲ್ಲಿ ಒತ್ತಿ ಹಿಡಿದರೆ ನಿಮ್ಮ ಮೈಯೂ ಲೆಕ್ಕಕ್ಕೆ ಸೇರಿ ಅಂಕಿ ಸ್ವಲ್ಪ ತಪ್ಪಬಹುದು. ಕ್ಲಿಪ್ ಇದ್ದರೆ ಒಳ್ಳೆಯದು, ಆಗ ಕೈ ಖಾಲಿ ಇರುತ್ತದೆ, ವೈರನ್ನು ಉದ್ದಕ್ಕೂ ಬಾಗಿಸಿ, ತುದಿಗಳನ್ನು ಅಲುಗಾಡಿಸಿ ನೋಡಬಹುದು. ಸುಮ್ನೆ ನೆಟ್ಟಗೆ ಇಟ್ಟು ಅಳೆದಿದ್ದರೆ ನಾನು ಆ ತುಂಡಾದ ವೈರನ್ನೇ ಸರಿಯಿದೆ ಅಂತ ವಾಪಸ್ ಹಾಕುತ್ತಿದ್ದೆ.

ಇನ್ನೊಂದು. ಅಂಕಿ ಜಾಸ್ತಿ ಬಂದ ತಕ್ಷಣ ಅಂಗಡಿಗೆ ಓಡಬೇಡಿ. ತುದಿಯ ಲೋಹ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ ಮತ್ತೆ ಅಳೆಯಿರಿ.

ಈಗ ಮೀಟರ್ ಹೇಳದೇ ಇರುವ ವಿಷಯಕ್ಕೆ ಬರುತ್ತೇನೆ, ನಿಮ್ಮ ಪುಟದ ಸಲಹೆಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ನಮ್ಮ ಕಡೆ ಕಬ್ಬು ಕಟಾವಾದರೆ ಗದ್ದೆಯಲ್ಲಿದ್ದ ಇಲಿಗಳೆಲ್ಲ ಊರೊಳಕ್ಕೆ ಬರುತ್ತವೆ. ನಿಂತ ಗಾಡಿಯ ಎಂಜಿನ್ ಬೆಚ್ಚಗಿರುತ್ತದೆ, ಅಲ್ಲೇ ಬಿಡಾರ. ಹೊಸ ವೈರ್ ಹಾಕಿದ ವರ್ಷವೇ ಚಳಿಗಾಲದಲ್ಲಿ ನಮ್ಮ ಓಮ್ನಿ ಬೆಳಿಗ್ಗೆ ಇಬ್ಬನಿ ಬಿದ್ದಾಗ ಮಾತ್ರ ಮಿಸ್ಸಿಂಗ್ ಆಗತೊಡಗಿತು, ಬಿಸಿಲೇರಿದ ಮೇಲೆ ಸರಿ. ವೈರ್ ಅಳೆದೆ. ಎಲ್ಲ ಚಿನ್ನದಂಥ ಅಂಕಿ. ಬಾಗಿಸಿದೆ, ಅಲುಗಾಡಲಿಲ್ಲ. ಆಗ ನಮ್ಮ ಕಸುಬೇ ನೆನಪಿಗೆ ಬಂತು. ಮೋಟಾರ್ ವೈಂಡಿಂಗ್‌ನ ಓಮ್ ಸರಿಯಿದ್ದರೂ ಮೋಟಾರಿನ ಲೋಹದ ಮೈಗೆ ಕರೆಂಟ್ ಲೀಕ್ ಇರಬಹುದು, ಅದನ್ನು ಮಲ್ಟಿಮೀಟರ್ ಹಿಡಿಯುವುದಿಲ್ಲ, 500 ವೋಲ್ಟ್ ಕೊಟ್ಟು ಲೀಕ್ ಅಳೆಯುವ ಮೆಗ್ಗರ್ ಬೇಕು. ಮಲ್ಟಿಮೀಟರ್ ಒಳಗಿರುವುದು 9 ವೋಲ್ಟ್ ಬ್ಯಾಟರಿ. ವೈರಿನಲ್ಲಿ ಓಡುವುದು 20 ಸಾವಿರ ವೋಲ್ಟ್. ಒಳಗಿನ ಎಳೆ ತುಂಡಾಗಿದೆಯಾ ಇಲ್ಲವಾ ಅನ್ನುವುದನ್ನು ಆ ಪುಟ್ಟ ಬ್ಯಾಟರಿ ಹೇಳುತ್ತದೆ. ಹೊದಿಕೆ ಒಡೆದಿದೆಯಾ ಅನ್ನುವುದನ್ನು ಅದು ಹೇಗೆ ಹೇಳಬೇಕು?

ಅದಕ್ಕೆ ಹಳೇ ಉಪಾಯವೇ ಸರಿ. ರಾತ್ರಿ ಲೈಟ್ ಆರಿಸಿ, ಬಾಗಿಲು ತೆರೆದಿರುವ ಜಾಗದಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ, ದೂರದಿಂದ ನೋಡಬೇಕು. ಲೀಕ್ ಇದ್ದರೆ ವೈರಿನಿಂದ ಎಂಜಿನ್ ಲೋಹಕ್ಕೆ ಸಣ್ಣಗೆ ನೀಲಿ ಕಿಡಿ ಚಿಟಚಿಟ ಅನ್ನುವುದು ಕಾಣುತ್ತದೆ. ಕಾಣದಿದ್ದರೆ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ಮಂಜಿನಷ್ಟು ನೀರು ಹಾಯಿಸಿ ನೋಡಬಹುದು. ಕೈ ಮಾತ್ರ ಹತ್ತಿರ ಒಯ್ಯಬಾರದು. ನಮ್ಮ ಗಾಡಿಯಲ್ಲಿ ಎರಡು ಹಲ್ಲಿನ ಗುರುತು ಇದ್ದ ಜಾಗದಲ್ಲಿ ಕಿಡಿ ಕಂಡಿತು. ಓಮ್ ಸರಿಯಿದ್ದ ವೈರನ್ನೂ ಆಗ ಬದಲಾಯಿಸಲೇಬೇಕಾಯಿತು.

ಕೈಯ ಮಾತು ಬಂದದ್ದಕ್ಕೆ ಇದನ್ನೂ ಹೇಳಲೇಬೇಕು. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪ್ಲಗ್ ವೈರ್ ಕಿತ್ತು, ಸದ್ದು ಬದಲಾಯಿತಾ ಅಂತ ನೋಡುವ ಅಭ್ಯಾಸ ನಮ್ಮ ಕಡೆ ತುಂಬಾ ಇದೆ. ಕಲಿಯಲು ಬಂದ ಹುಡುಗರ ಕೈಯಲ್ಲಿ ಇದನ್ನು ಮಾಡಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಶಾಕ್ ಹೊಡೆದರೆ ಕೈ ತಾನಾಗಿ ಹಿಂದಕ್ಕೆ ಬಡಿಯುತ್ತದೆ, ಪಕ್ಕದಲ್ಲೇ ಫ್ಯಾನ್ ತಿರುಗುತ್ತಿರುತ್ತದೆ, ಬೆಲ್ಟ್ ಓಡುತ್ತಿರುತ್ತದೆ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರಂತೂ ಓಡುವ ಎಂಜಿನ್‌ನ ಈ ವೈರ್‌ಗಳ ಹತ್ತಿರವೇ ಹೋಗಬಾರದು. ವೈರ್ ಕಿತ್ತಾಗ ಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲನ್ನೇ ಒಡೆಯಬಹುದು, ಇಂಜೆಕ್ಷನ್ ಗಾಡಿಯಾದರೆ ಅದರ ಕಂಪ್ಯೂಟರ್‌ಗೂ ಏಟು ಬೀಳಬಹುದು. ಎಂಜಿನ್ ಆರಿಸಿ ಐದು ನಿಮಿಷ ಅಳೆದರೆ ಇದ್ಯಾವುದೂ ಬೇಕಾಗಿಲ್ಲ.

ಬೈಕ್‌ನವರಿಗೆ ಸ್ವಲ್ಪ ಬೇರೆ ಲೆಕ್ಕ. 1996ರವರೆಗೆ ನಡೆದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಓಡಾಡಿದ ಸೀಮೆ ನಮ್ಮದು, ಈಗಲೂ ಅಲ್ಲಿನ ಯೆಜ್ಡಿ ಬೈಕನ್ನು ಮನೆಮಗನ ಹಾಗೆ ನೋಡಿಕೊಳ್ಳುವವರು ಇದ್ದಾರೆ. ಬೈಕ್‌ಗಳಲ್ಲಿ ಸಾಮಾನ್ಯವಾಗಿ ವೈರ್ ತಾಮ್ರದ್ದೇ. ಅಲ್ಲಿ ಬರೀ ವೈರ್ ಅಳೆದರೆ ಸೊನ್ನೆ ಬರುವುದೇ ಸರಿ. ರೆಸಿಸ್ಟೆನ್ಸ್ ಇರುವುದು ತುದಿಯ ಟೋಪಿಯೊಳಗೆ, ಹೆಚ್ಚಾಗಿ 5 ಕಿಲೋ ಓಮ್. ಪ್ಲಗ್‌ನ ನಂಬರಿನಲ್ಲಿ ಆರ್ ಅಕ್ಷರ ಇದ್ದರೆ, ಎನ್‌ಜಿಕೆ ಪ್ಲಗ್‌ಗಳಲ್ಲಿ ಇದನ್ನು ನೋಡಬಹುದು, ಪ್ಲಗ್ ಒಳಗೂ ಅಷ್ಟೇ ಇನ್ನೊಂದು ಇರುತ್ತದೆ. ಹಾಗಾಗಿ ಟೋಪಿ ಬೇರೆ, ವೈರ್ ಬೇರೆ ಅಳೆಯಬೇಕು. ಟೋಪಿ ಹೆಚ್ಚಿನ ಗಾಡಿಗಳಲ್ಲಿ ಸ್ಕ್ರೂ ಥರ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ವೈರಿನ ತುದಿ ಕಪ್ಪಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರಕ್ಕೆ ಟೋಪಿ ತಿರುಗಿಸಿ ಹಾಕಿ, ಎಷ್ಟೋ ಗಾಡಿ ಅಷ್ಟಕ್ಕೇ ಸರಿಹೋಗುತ್ತದೆ. ಈಗಿನ ಹೆಚ್ಚಿನ ಹೊಸ ಪೆಟ್ರೋಲ್ ಕಾರುಗಳಲ್ಲಿ ಪ್ಲಗ್ ಮೇಲೇ ಕಾಯಿಲ್ ಕೂರುವುದರಿಂದ ಈ ವೈರೇ ಇರುವುದಿಲ್ಲ, ಅವರಿಗೆ ಈ ಪತ್ರ ಬೇಕಾಗಿಲ್ಲ.

ಇದು ಬರೀ ಜೇಬಿನ ವಿಷಯವೂ ಅಲ್ಲ. ಕಿಡಿ ಬೀಳದ ಸಿಲಿಂಡರ್‌ನ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಹೊಗೆ ತಪಾಸಣೆಯ ಚೀಟಿಯಲ್ಲಿ ಹೈಡ್ರೋಕಾರ್ಬನ್ ಅನ್ನುವ ಅಂಕಿ ಏರುವುದು ಹೀಗೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಾದರೆ ಆ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಅದನ್ನೇ ಸುಡುತ್ತದೆ, ಅದರ ಬೆಲೆ ಕೇಳಿದರೆ ಒಂದು ಸೆಟ್ ವೈರ್ ಏನೂ ಅಲ್ಲ ಅನಿಸುತ್ತದೆ.

ಗ್ಯಾರೇಜ್‌ನವರಲ್ಲಿ ಒಂದು ಕೋರಿಕೆ. ಪ್ಲಗ್ ವೈರ್ ಬದಲಾಯಿಸಿದಾಗ ಬಿಲ್ ಮೇಲೆ ಹಳೇ ವೈರ್‌ಗಳ ಓಮ್ ಎಷ್ಟಿತ್ತು ಅಂತ ಬರೆದುಕೊಡಿ. ನಾವು ರಿವೈಂಡಿಂಗ್ ಅಂಗಡಿಯವರು ಮೆಗ್ಗರ್ ಅಂಕಿಯನ್ನು ರೈತರಿಗೆ ತೋರಿಸಿಯೇ ಮೋಟಾರ್ ಬಿಚ್ಚುತ್ತೇವೆ, ಅವರಿಗೂ ನಂಬಿಕೆ ಬರುತ್ತದೆ, ನಮ್ಮ ಮೇಲೂ ದೂರು ಬರುವುದಿಲ್ಲ. ಗಾಡಿಯವರೂ ಹಳೇ ವೈರ್ ವಾಪಸ್ ಕೇಳಿ ತನ್ನಿ. ಹೊಸ ವೈರನ್ನು ಹಾಕಿಸುವ ಮೊದಲೇ ಅಳೆದು ಅಂಕಿಗಳನ್ನು ಗಾಡಿಯ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ವರ್ಷ ಹೋಲಿಸಲು ಅದಕ್ಕಿಂತ ಒಳ್ಳೆಯ ಕೈಪಿಡಿ ಬೇಕಿಲ್ಲ.

ಸಂಪಾದಕರೇ, ನಿಮ್ಮ ವಾಹನ ಪುಟವನ್ನು ನಮ್ಮ ಬೀದಿಯಲ್ಲಿ ಎಷ್ಟೋ ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ, 800ರವರೂ ಹಾಗೇ ಇಟ್ಟುಕೊಂಡವರು. ಅದಕ್ಕೇ ಕೇಳುತ್ತಿದ್ದೇನೆ, ಮುಂದಿನ ವಾರ ಅದೇ ಜಾಗದಲ್ಲಿ ಒಂದು ತಿದ್ದುಪಡಿ ಹಾಕಿ. ಇಷ್ಟಿದ್ದರೆ ಸಾಕು: "ಕಾರಿನ ಕಾರ್ಬನ್ ಪ್ಲಗ್ ವೈರ್ ಸೊನ್ನೆ ತೋರಿಸಬೇಕಾಗಿಲ್ಲ, ಕೆಲವು ಸಾವಿರ ಓಮ್ ಇರುವುದೇ ಸರಿ. ಉದ್ದಕ್ಕೆ ತಕ್ಕಂತೆ ಹೋಲಿಸಿ, ಬಾಗಿಸಿ ಅಳೆಯಿರಿ, ಹೊದಿಕೆಯನ್ನು ಕತ್ತಲಲ್ಲಿ ನೋಡಿ."

ಇಂತಿ,
ಮೋಟಾರ್ ರಿವೈಂಡಿಂಗ್ ಕೆಲಸಗಾರ, ಮಂಡ್ಯ